ಗೋಡೆಯ ಮೇಲಿನ ಎರಡು ಕೌದಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಇಂಥವಳು ಆಳಂದದಲ್ಲಿ ಕೂತು ಹೆಂಗಸರ ಕಷ್ಟ ಕೇಳುವ ಕೆಲಸಕ್ಕೆ ಸೇರಿದ್ದಾಳೆ ಅಂದಾಗ ನಮ್ಮ ಕಕ್ಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಬಿದ್ದು ಬಿದ್ದು ನಕ್ಕಿದ್ದಳು. "ಈಕಿ ಮಂದಿ ಮಾತ ಕೇಳ್ತಾಳಂತ! ಮನ್ಯಾಗ ಒಬ್ಬರ ಮಾತರೆ ಕೇಳ್ಯಾಳೇನ್?" ಕಕ್ಕಿ ಹೇಳಿದ್ದು ಸುಳ್ಳಲ್ಲ. ಆದರೆ ನನ್ನನ್ನು ಆ ಕೆಲಸಕ್ಕೆ ತಯಾರು ಮಾಡಿದವರಲ್ಲಿ ತಾನೂ ಒಬ್ಬಳು ಎಂಬುದು ಆಕೆಗೆ ಗೊತ್ತಿರಲಿಲ್ಲ. ನಾನೂ ಹೇಳುವ ಹಾಗಿರಲಿಲ್ಲ. ಹೇಳಬೇಕೆಂದರೆ ಹಾಸಿಗೆಯ ಮಾತು ಎತ್ತಬೇಕಾಗುತ್ತಿತ್ತು.

ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ ನಮ್ಮದು ಕೂಡು ಕುಟುಂಬ. ಎಪ್ಪತ್ತರ ದಶಕ. ಊಟಕ್ಕೆ ಕೂತರೆ ಪಡಸಾಲೆ ತುಂಬುತ್ತಿತ್ತು. ಅಂಥ ಮನೆಯಲ್ಲಿ ನಾನು ದೊಡ್ಡ ಹುಡುಗಿಯಾಗುವವರೆಗೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ಈ ವಾಕ್ಯ ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತಿದೆ, ಏನು ಮಾಡಲಿ. ನನಗೆ ಬುದ್ಧಿ ಬರಲಿ ಎಂದು ಕಕ್ಕಿ ನನ್ನ ಕೌದಿಯನ್ನು ಹಿತ್ತಲಲ್ಲಿ ಒಣಹಾಕದೆ ಬೀದಿ ಕಡೆಯ ಗೋಡೆಯ ಮೇಲೆ ಹಾಕುತ್ತಿದ್ದಳು. ಮಠಕ್ಕೆ ಹೋಗುವವರು, ಶಾಲೆಗೆ ಹೋಗುವ ಹುಡುಗರು, ಎಲ್ಲರಿಗೂ ಕಾಣಬೇಕು. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ಆ ಕೌದಿಯ ನಡುವೆ ನನ್ನದೇ ಹಸಿರು ಲಂಗದ ತುಂಡಿತ್ತು. ಯಾರ ಕೌದಿ ಎಂದು ಯಾರೂ ಕೇಳುವ ಅಗತ್ಯವೇ ಇರಲಿಲ್ಲ.

"ಏನ ಬೇ, ರಾತ್ರಿ ನಿಮ್ಮ ಮನ್ಯಾಗಷ್ಟೇ ಮಳಿ ಬಂತೇನ್?" ಎಂದು ಹುಡುಗರು ಕೂಗುತ್ತಿದ್ದರು. ನಾನು ಕಲ್ಲು ಎತ್ತಿಕೊಂಡು ಓಡುತ್ತಿದ್ದೆ. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ಒಂದು ಬೆಳಗ್ಗೆ ನನ್ನ ಅವ್ವ ತನ್ನ ಕೌದಿಯನ್ನೂ ಅಂಗಳಕ್ಕೆ ತಂದಳು. ಕಕ್ಕಿ ಬಾವಿಯಿಂದ ಸೇದಿ ಇಟ್ಟಿದ್ದ ಕೊಡದಲ್ಲಿ ತಂಬಿಗೆ ಅದ್ದಿ, ಕೌದಿಯ ನಟ್ಟನಡುವೆ ನೀರು ಸುರಿದಳು. ಆಮೇಲೆ ಅದನ್ನು ಒಯ್ದು ಗೋಡೆಯ ಮೇಲೆ ನನ್ನ ಕೌದಿಯ ಪಕ್ಕಕ್ಕೆ ಹಾಕಿದಳು. ನೋಡಿದವಳು ನಾನೊಬ್ಬಳೇ. ಅವ್ವ ನನಗೂ ಏನೂ ಹೇಳಲಿಲ್ಲ. ನನಗೋ ಆಕೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಯಾಕೆಂದರೆ ಆವತ್ತಿನಿಂದ ಬೀದಿಯಲ್ಲಿ "ತಾಯಿ ಮಗಳು ಇಬ್ರೂ!" ಎಂದು ನಗುವುದು ಶುರುವಾಯಿತು. ಕಕ್ಕಿಯಂತೂ ನಿಜವೆಂದೇ ನಂಬಿದಳು. "ಕತ್ತಲಾದ ಮ್ಯಾಲ ಆಕಿಗಿ ಚಹಾ ಕೊಡಬ್ಯಾಡ್ರಿ" ಎಂದು ಎಲ್ಲರೆದುರು ಹೇಳುತ್ತಿದ್ದಳು. ಅವ್ವ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕೌದಿ ಗೋಡೆ ಏರಿದಾಗಲೆಲ್ಲ ಆಕೆಯದೂ ಏರುತ್ತಿತ್ತು. ನನ್ನದು ನಿಂತ ಮೇಲೆ ಆಕೆಯದೂ ನಿಂತಿತು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲೇ ಇಲ್ಲ.

ಓದು ಮುಗಿದ ಮೇಲೆ, ತೊಂಬತ್ತರ ದಶಕದ ಶುರುವಿನಲ್ಲಿ, ಗುಲಬರ್ಗಾದಲ್ಲಿ ಆಪ್ತಸಮಾಲೋಚನೆಯ ತರಬೇತಿಗೆ ಸೇರಿದೆ. ನಮ್ಮ ಗುರುಗಳು ಮೆತ್ತಗೆ ಮಾತಾಡುವ ಮನುಷ್ಯ. ಬಂದವರನ್ನು ತೂಗಿ ನೋಡಬೇಡಿ, ಅವರು ನಿಂತ ಜಾಗದಲ್ಲಿ ನಿಂತು ನೋಡಿ, ಬುದ್ಧಿ ಹೇಳಬೇಡಿ, ಅವರ ದಾರಿ ಅವರಿಗೇ ಸಿಗುತ್ತದೆ ಎನ್ನುತ್ತಿದ್ದರು. ಅವರ ಎದುರು ಮುಖವಾಡ ಹಾಕಿಕೊಂಡು ಕೂರಬೇಡಿ ಎಂದೂ ಹೇಳುತ್ತಿದ್ದರು. ಬುದ್ಧಿ ಹೇಳದೆ ಇರುವುದನ್ನು ನಾಲಿಗೆ ಕಚ್ಚಿಕೊಂಡು ಕಲಿತೆ. ಮುಖವಾಡದ ಮಾತು ನನಗಲ್ಲ ಬಿಡು ಅಂದುಕೊಂಡೆ. ಸಿಟ್ಟನ್ನೇ ಮುಚ್ಚಿಡಲಾರದವಳಿಗೆ ಮುಖವಾಡ ಎಲ್ಲಿಂದ ಬರಬೇಕು!

ಆಳಂದದ ನನ್ನ ಕೋಣೆಯಲ್ಲಿ ಮೇಜು ಕುರ್ಚಿ ಇರಲಿಲ್ಲ. ಜಮಖಾನೆಯ ಮೇಲೆ ಬಂದವರ ಸಮಕ್ಕೆ ಕೂರುತ್ತಿದ್ದೆ. ಜನಕ್ಕೆ ಇದು ಸೇರುತ್ತಿರಲಿಲ್ಲ. "ಏನ್ರಿ ಅಕ್ಕಾರ, ಬುದ್ಧಿ ಹೇಳ್ಲಾಕ ನಿಮಗ ಪಗಾರ ಕೊಡ್ತಾರ, ನೀವು ನೋಡಿದ್ರ ನಮಗೇ ಕೇಳಾಕತ್ತೀರಿ" ಎಂದು ಒಬ್ಬ ಯಜಮಾನರು ಎದ್ದೇ ಹೋಗಿದ್ದರು.

ಒಂದು ದಿನ ಒಬ್ಬ ಸೊಸೆಯನ್ನು ಅವಳ ಅತ್ತೆ ಕರೆತಂದರು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವರು. ಹುಡುಗಿಯ ತವರು ಅಫಜಲಪುರದ ಕಡೆ. ಇಪ್ಪತ್ತು ದಾಟಿದ್ದಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ, ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತಿದ್ದ. ಅತ್ತೆ ಕೂರುವ ಮೊದಲೇ ಹೇಳಿಬಿಟ್ಟರು: "ಹಾಸಿಗ್ಯಾಗ ಉಚ್ಚಿ ಹೊಯ್ಕೋತಾಳ್ರಿ. ದವಾಖಾನಿಗಿ ತೋರ್ಸೀವಿ, ಮೈಯಾಗ ಏನೂ ಇಲ್ಲ ಅಂದ್ರು. ಗಾಳಿ ಸೋಕ್ಯಾದೋ ಏನೋ. ಬರೋ ಅಮಾಸಿಗಿ ಘತ್ತರಗಿ ತಾಯಿ ಗುಡಿಗಿ ಒಯ್ತೇವಿ. ಅದಕ್ಕೂ ಜಗ್ಗಲಿಲ್ಲಂದ್ರ ತವರಮನ್ಯಾಗ ಬಿಟ್ಟು ಬರ್ತೇವಿ. ಮಗನಿಗಿ ಬ್ಯಾರೆ ನೋಡ್ತೇವಿ."

ಹುಡುಗಿ ಗೋಡೆ ನೋಡುತ್ತ ಕೂತಿದ್ದಳು. ನನಗೆ ಆ ಗೋಡೆಯ ಮೇಲೆ ಹಸಿರು ತುಂಡಿನ ಕೌದಿ ಕಂಡಂತಾಯಿತು.

ಅತ್ತೆಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹುಡುಗಿಯೊಡನೆ ಮಾತಿಗೆ ಕೂತೆ. ಮರುವಾರ ಬಂದರು, ಮತ್ತೂ ಬಂದರು. ತವರಿನ ಬಗ್ಗೆ ಕೇಳಿದೆ, ತಮ್ಮಂದಿರ ಬಗ್ಗೆ ಕೇಳಿದೆ, ಗಂಡ ಒಳ್ಳೆಯವನೇ ಎಂದು ಕೇಳಿದೆ. ಹಾಸಿಗೆಯ ಸುದ್ದಿ ಮಾತ್ರ ನನ್ನ ಬಾಯಿಂದ ಬರಲಿಲ್ಲ. ಅವಳಾಗಿಯೇ ಹೇಳಲಿ ಎಂದು ಕಾಯುತ್ತಿದ್ದೇನೆ, ತರಬೇತಿಯಲ್ಲಿ ಕಲಿಸಿದ್ದೇ ಹಾಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲ ಸುಳ್ಳು. ನನಗೆ ನಾಚಿಕೆಯಾಗುತ್ತಿತ್ತು. ಆ ಮಾತು ಎತ್ತಿದರೆ ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ.

ಅಮಾವಾಸ್ಯೆ ಹತ್ತಿರ ಬಂತು. ಅದೇ ಕೊನೆಯ ಸಲ ಎಂದು ಅತ್ತೆ ಹೇಳಿಯೇ ಕರೆತಂದಿದ್ದರು. ನಾನು ನನ್ನ ಮೆತ್ತಗಿನ ದನಿಯಲ್ಲಿ, "ನಿನಗ ಎಷ್ಟು ತ್ರಾಸ ಆಗಿರ್ಬೇಕು, ನನಗ ತಿಳೀತದವ್ವ" ಅಂದೆ.

ಹುಡುಗಿ ಮೊದಲ ಸಲ ತಲೆಯೆತ್ತಿದಳು. "ಏನ್ ತಿಳೀತದ್ರಿ ನಿಮಗ? ಒಣಾ ಹಾಸಿಗ್ಯಾಗ ಮಲಗೋ ಮಂದಿಗಿ ಏನ್ ತಿಳೀತದ?"

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಬಾಗಿಲು ಅರ್ಧ ತೆರೆದಿತ್ತು, ಕಟ್ಟೆಯ ಮೇಲೆ ಅತ್ತೆಯ ಸೆರಗು ಕಾಣುತ್ತಿತ್ತು. ಎದ್ದು ಬಾಗಿಲು ಹಾಕಿ ಬರುವಷ್ಟರಲ್ಲಿ ಧೈರ್ಯ ಹೋಗಿಬಿಡುತ್ತಿತ್ತು. ಕೂತಲ್ಲೇ ಹೇಳಿಬಿಟ್ಟೆ. "ನಾನೂ ಹಾಸಿಗಿ ಹಸಿ ಮಾಡ್ಕೋತಿದ್ದೆ. ದೊಡ್ಡಾಕಿ ಆಗೋತನಕ. ನನ್ನ ಕೌದಿ ಬೀದಿ ಗೋಡಿ ಮ್ಯಾಲ ಹಾಕ್ತಿದ್ರು." ಕಟ್ಟೆಯ ಮೇಲಿನ ಸೆರಗು ಅಲುಗಾಡದೆ ನಿಂತಿತು. ಮುಗಿಯಿತು, ನಾಳೆ ಸಂತೆಯಲ್ಲೆಲ್ಲ ಇದೇ ಸುದ್ದಿ ಎಂದುಕೊಂಡೆ.

"ನಿಮ್ಮವ್ವ ಏನಂತಿದ್ರು?" ಎಂದಳು ಹುಡುಗಿ.

ತಂಬಿಗೆ ನೀರಿನ ಕತೆ ಹೇಳಿದೆ. ಅವಳ ತುಟಿಯ ತುದಿಯಲ್ಲಿ ನಗು ಬಂತು. ನಗುನಗುತ್ತಲೇ ಅಳು ಶುರುವಾಯಿತು. ಆಗ ನನಗೆ ಮೊದಲ ದಿನವೇ ಕೇಳಬೇಕಾಗಿದ್ದ ಮಾತು ಬಾಯಿಗೆ ಬಂತು. "ರಾತ್ರಿ ಎದ್ದು ಹೊರಗ ಹೋಗಂಗಿಲ್ಲೇನ್?"

"ಹ್ಯಾಂಗ ಹೋಗ್ಲಿರಿ? ಮಾವ ತಲಬಾಗಿಲಿಗಿ ಅಡ್ಡ ಮಲಗ್ತಾರ. ಅವರಿಗಿ ದಾಟಿ ಹೋಗ್ಬೇಕು. ಹಿತ್ತಲಕಡಿ ಬಾಗಿಲಿಲ್ಲ. ಹೊಸ್ತಾಗಿ ಬಂದಾಗ ಒಮ್ಮೆ ಅತ್ತಿಗಿ ಎಬ್ಬಿಸಿದ್ದೆ. 'ಇದೇನ್ ಹೊತ್ತ ಬೇ, ಸುಮ್ನ ಮಲಕೋ' ಅಂದ್ರು. ಅವತ್ತಿಂದ ತಡ್ಕೊಂಡು ಮಲಗ್ತೇನಿ. ನಿದ್ದಿ ಹತ್ತಿದ ಮ್ಯಾಲ ನನಗ ಖಬರಿರಂಗಿಲ್ಲ."

ಎಷ್ಟು ಸಣ್ಣ ವಿಷಯ! ಹಿರಿಯರನ್ನು ದಾಟಬಾರದು ಎಂದು ಚಿಕ್ಕಂದಿನಿಂದ ಕಲಿತ ಹುಡುಗಿ. ಆ ಮನೆಯಲ್ಲಿ ಅವಳಿಗೆ ಬಾಗಿಲೇ ಇರಲಿಲ್ಲ. ಗಾಳಿ ಅಂದರು, ದೇವರು ಅಂದರು. ನಾನು ತರಬೇತಿ ಪಡೆದವಳು ತಮ್ಮಂದಿರ ಹೆಸರು ಕೇಳುತ್ತ ಕೂತಿದ್ದೆ.

ಬಾಗಿಲು ಪೂರ್ತಿ ತೆರೆಯಿತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ನನ್ನತ್ತ ನೋಡಲೇ ಇಲ್ಲ. "ಮತ್ತ ಹೇಳಬಾರದೇನ್ ಬೇ?" ಎಂದು ಸೊಸೆಯ ಮೇಲೆ ರೇಗಿದರು.

"ಯಾರ್ ಕೇಳ್ಯಾರ್ರಿ?" ಅಂದಳು ಹುಡುಗಿ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನೂ ತಲೆ ತಗ್ಗಿಸಿದೆ. ಆ ಪ್ರಶ್ನೆ ನಮ್ಮಿಬ್ಬರಿಗೂ ಸೇರಿದ್ದು. ಆಮೇಲೆ ಅತ್ತೆ, "ನಮ್ಮ ಮುದುಕನ ಹಾಸಿಗಿ ಹೊರಗ ಕಟ್ಟಿ ಮ್ಯಾಲ ಹಾಕ್ತೇನಿ. ಏಳು, ಬಸ್ಸು ಹೋಗ್ತದ" ಅಂದರು. ತವರಿಗೆ ಬಿಡುವ ಮಾತು ಮತ್ತೆ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಸಂತೆಯಲ್ಲಿ ಸಿಕ್ಕ ಅತ್ತೆ, "ಈಗ ಹಾಸಿಗಿ ಒಣಗ್ಯಾದ್ರಿ. ಒಮ್ಮೊಮ್ಮೆ ಆಗ್ತದ, ನಡೀತದ" ಎಂದರು. ಘತ್ತರಗಿಗೂ ಹೋಗಿ ಬಂದಿದ್ದರಂತೆ. "ತಾಯಿ ಕಣ್ಣ ತೆರದ್ಳು" ಎಂದು ಕೈ ಮುಗಿದರು. ನನ್ನ ಹೆಸರು ಒಂದು ಮಾತಿಗಾದರೂ ಬರಬಾರದೇ ಎಂದು ಸಿಟ್ಟು ಬಂತು, ಖರೆ ಹೇಳುತ್ತೇನೆ. ನನ್ನ ಹಾಸಿಗೆಯ ಸುದ್ದಿ ಹೇಳುವಾಗ ಮಾತ್ರ ನನ್ನ ಹೆಸರು ಮರೆತಿರಲಿಲ್ಲ ಆಕೆ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅಂದೋಲಾ ಮುಟ್ಟಿತ್ತು.

ಅಲ್ಲಿಗೆ ಹೋದಾಗ ಮುಖ ತೋರಿಸಲು ನಾಚಿಕೆಯಾಗಿ ಸೀದಾ ಒಳಗೆ ನುಸುಳಿದೆ. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಮನೆಯ ಮರ್ಯಾದೆ ತೆಗೆದೆ ಎನ್ನುತ್ತಾಳೆ ಎಂದು ಕಾದೆ. ಅವ್ವ ಬೇಳೆಯಿಂದ ಕಣ್ಣೆತ್ತದೆ ಕೇಳಿದಳು: "ನನ್ನ ಕೌದಿ ಸುದ್ದಿನೂ ಹೇಳಿದೇನ್?"

"ಹೇಳೀನಿ ಯವ್ವ."

"ಅದು ನೀರು ಅಂತ ಹೇಳಿದಿ, ಹೌದಿಲ್ಲೋ?"

ಇಷ್ಟು ವರ್ಷ ಅವ್ವ ಮಂದಿಯ ಆ ನಗುವನ್ನು ಹೊತ್ತುಕೊಂಡೇ ಇದ್ದಳು. ನನಗೆ ಅದು ಹೊಳೆದೇ ಇರಲಿಲ್ಲ.

"ಹೂಂ, ನೀರು ಅಂತೇ ಹೇಳೀನಿ."

"ಹಂಗಾದ್ರ ನಿಮ್ಮ ಕಕ್ಕಿಗೂ ಹೇಳಿಬಿಡು."

ಕಕ್ಕಿ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದಳು. ವಯಸ್ಸಾಗಿ ಕಿವಿ ಮಂದವಾಗಿತ್ತು. ಮೆಲ್ಲಗೆ ಹೇಳಿದರೆ "ಆಂ? ಆಂ?" ಎಂದಳು. ಕೊನೆಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಕಕ್ಕೀ, ಅವ್ವನ ಕೌದಿ ಮ್ಯಾಲ ಇದ್ದದ್ದು ನೀನು ಸೇದಿಟ್ಟ ಬಾವಿ ನೀರು! ಹಸಿ ಮಾಡ್ಕೋತಿದ್ದಾಕಿ ನಾ ಒಬ್ಬಾಕಿನೇ!"

ಕಕ್ಕಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ಬಾಗಿಲಲ್ಲಿ ಮೊರ ಹಿಡಿದು ನಿಂತ ಅವ್ವನ ಕಡೆ ತಿರುಗಿದಳು. "ಎವ್ವಾ, ಅವತ್ತೇ ಹೇಳಬಾರದಾಗಿತ್ತೇನ್?"

"ಹೇಳಿದ್ರ ಗೋಡಿ ಮ್ಯಾಲ ಈಕಿ ಕೌದಿ ಒಂದೇ ಉಳೀತಿತ್ತಲ್ಲ" ಅಂದಳು ಅವ್ವ.