ಡಾಕ್ಟರರ ಮೇಜಿಗೆ ಬಂದ ಕಂಪ್ಯೂಟರ್

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ನರ್ಸ್ ಆಗಿದ್ದೆ. ನಾನು ಮೈಸೂರಿನವಳು, ನಮ್ಮ ಡಾಕ್ಟರು ಉಡುಪಿ ಕಡೆಯವರು, ಅರವತ್ತು ದಾಟಿದವರು. ರೋಗಿ ಬಂದು ಕುಳಿತರೆ ಊಟ, ನಿದ್ದೆ, ಊರು ಎಲ್ಲ ವಿಚಾರಿಸಿಯೇ ನಾಡಿ ಹಿಡಿಯುತ್ತಿದ್ದರು. "ಯಾವ ಮದ್ದಾದರೂ ನಿನಗೆ ಆಗುವುದಿಲ್ಲವಾ?" ಎಂದು ಕೇಳದೆ ಚೀಟಿ ಬರೆಯುತ್ತಿರಲಿಲ್ಲ.

ಆಮೇಲೆ ರೋಗಿಗಳ ವಿವರವೆಲ್ಲ ಕಂಪ್ಯೂಟರಿನಲ್ಲೇ ಇರಬೇಕೆಂದಾಯಿತು. ಡಾಕ್ಟರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ ಕೂರುತ್ತಿದ್ದರು.

"ಎಂತ ಮಾರಾಯ್ತಿ ಇದು? ಒಂದು ಕೆಮ್ಮಿಗೆ ಇಷ್ಟು ಪ್ರಶ್ನೆಯಾ?"

ಸಂಜೆ ಜೆಬೆಲ್ ಅಲಿ ಬಂದರಿನ ಗೋದಾಮುಗಳಿಂದ ಕೆಲಸಗಾರರನ್ನು ಹೊತ್ತ ಕಂಪನಿ ಬಸ್ಸು ಬಂದರೆ ಹೊರಗೆ ಕುರ್ಚಿ ಸಾಲುತ್ತಿರಲಿಲ್ಲ. ಸಮಯ ಉಳಿಸಲು ಅವರು ಮಾತು ಕಡಿಮೆ ಮಾಡಿದರು. ಆಗದ ಮದ್ದು ಮೊದಲೇ ದಾಖಲಾಗಿದ್ದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತಾನಾಗಿಯೇ ಬರುತ್ತಿತ್ತು. ಹಾಗಾಗಿ ಆ ಪ್ರಶ್ನೆಯೂ ನಿಂತುಹೋಯಿತು.

ಒಂದು ಸಂಜೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕುಂದಾಪುರದ ಒಬ್ಬರು ಜ್ವರ, ಗಂಟಲು ನೋವೆಂದು ಬಂದರು. ಡಾಕ್ಟರು ಟಾರ್ಚ್ ಹಾಕಿ ಗಂಟಲು ನೋಡಿ, ತಿರುಗಿ ಟೈಪ್ ಮಾಡತೊಡಗಿದರು. ಆತ ಕೇಳಿದರು, "ಡಾಕ್ಟ್ರೇ, ನನ್ನ ಮೇಲೆ ಸಿಟ್ಟಾ? ಮುಖವೇ ನೋಡ್ತಾ ಇಲ್ಲ ನೀವು."

ಡಾಕ್ಟರ ಕೈ ನಿಂತಿತು. "ನಿನ್ನ ಮೇಲೆ ಅಲ್ಲ ಮಾರಾಯ, ಇದರ ಮೇಲೆ. ನೋಡು, ನೀನೇ ನೋಡು, ಎಷ್ಟು ತುಂಬಿಸಬೇಕು ಅಂತ," ಎಂದು ಪರದೆಯನ್ನು ಪೂರ್ತಿ ಅವರ ಕಡೆ ತಿರುಗಿಸಿಬಿಟ್ಟರು.

ಆತ ಬಗ್ಗಿ ನೋಡಿದರು. "ಈ ಫೋಟೋ ನನ್ನದಲ್ಲ. ಇವ ನಮ್ಮ ರೂಮಿನವ. ನಮ್ಮಿಬ್ಬರಿಗೂ ಒಂದೇ ಹೆಸರು."

ಆ ದಿನ ಗುರುತಿನ ಚೀಟಿ ಓದುವ ಯಂತ್ರ ಕೆಟ್ಟಿತ್ತು. ಕೌಂಟರಿನಲ್ಲಿದ್ದ ನನ್ನ ಸಹೋದ್ಯೋಗಿ ಹೆಸರು, ಕಂಪನಿ ನೋಡಿ ಮೊದಲು ಸಿಕ್ಕ ದಾಖಲೆ ತೆರೆದಿದ್ದಳು. ನಾನು ಸರಿಯಾದದ್ದನ್ನು ಹುಡುಕಿ ತೆರೆದೆ. ಮೇಲ್ಗಡೆಯೇ ಕೆಂಪು ಸಾಲು: ಪೆನ್ಸಿಲಿನ್ ಆಗುವುದಿಲ್ಲ. ಡಾಕ್ಟರು ಬರೆಯಲು ಹೊರಟಿದ್ದುದು ಅದೇ ಜಾತಿಯ ಮಾತ್ರೆ.

"ಹೌದು ಡಾಕ್ಟ್ರೇ, ಊರಲ್ಲಿ ಒಮ್ಮೆ ಮೈಯೆಲ್ಲ ದದ್ದು ಎದ್ದು ಉಸಿರೇ ಕಟ್ಟಿತ್ತು," ಎಂದರು ಆತ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಬೇರೆ ಮದ್ದು ಬರೆದು, ಬಾಗಿಲವರೆಗೂ ಅವರ ಜೊತೆ ಹೋಗಿ ಬಂದರು.

ಕೌಂಟರಿನವಳು ಅಳುವ ಹಾಗಿದ್ದಳು. ಡಾಕ್ಟರು ಬೈಯಲಿಲ್ಲ. "ನೀನು ಫೋಟೋ ನೋಡಲಿಲ್ಲ, ನಾನು ಬಾಯಿಬಿಟ್ಟು ಕೇಳಲಿಲ್ಲ. ಖಲಾಸ್. ಇನ್ನು ಇಬ್ಬರೂ ನೋಡುವ," ಎಂದರು.

ಮರುದಿನ ಅವರು ಮೇಜನ್ನು ಅಡ್ಡಕ್ಕೆ ತಿರುಗಿಸಬೇಕೆಂದರು. ವೈರು ಸಾಲದೆಂದು ಟೆಕ್ನಿಷಿಯನ್ ತಲೆಯಾಡಿಸಿದಾಗ ತಾವೇ ಹೋಗಿ ಉದ್ದದ ವೈರು ತಂದರು. ಅಂದಿನಿಂದ ರೋಗಿಗೂ ಡಾಕ್ಟರಿಗೂ ಪರದೆ ಕಾಣುತ್ತಿತ್ತು. ಜನ ತಮ್ಮ ಫೋಟೋ ನೋಡಿ ನಗುತ್ತಿದ್ದರು, ವಯಸ್ಸು ತಪ್ಪಿದ್ದರೆ ತಿದ್ದಿಸುತ್ತಿದ್ದರು. ಆಗದ ಮದ್ದಿನ ಪ್ರಶ್ನೆಯನ್ನು ಡಾಕ್ಟರು ಮತ್ತೆ ಬಾಯಿಬಿಟ್ಟೇ ಕೇಳುತ್ತಿದ್ದರು.

ನಾನು ದುಬೈನದೇ ಇನ್ನೊಂದು ಬಡಾವಣೆ ಮಿರ್ದಿಫ್‌ಗೆ ಕೆಲಸ ಬದಲಾಯಿಸುವವರೆಗೂ ಅವರ ಟೈಪಿಂಗ್ ಮಾತ್ರ ಚುರುಕಾಗಲಿಲ್ಲ. ಸಂಜೆಯ ಸಾಲು ಹಾಗೆಯೇ ಉದ್ದವಾಗಿತ್ತು. ಜನ ಗೋಡೆಗೆ ಒರಗಿ ಕಾಯುತ್ತಿದ್ದರು.