ಎರಡು ತಟ್ಟಿದರೆ ನಿಲ್ಲಿಸು

ನನ್ನ ಸೋದರತ್ತೆಗೆ ಎಡಗಿವಿ ಪೂರ್ತಿ ಕೇಳಿಸುವುದಿಲ್ಲ. ಬಲಗಿವಿ ಅರ್ಧ ಕೇಳಿಸುತ್ತದೆ. ಹದಿನಾರು ವರ್ಷ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ನಿಂತದ್ದರ ಫಲ ಅದು. ಎದುರಿಗೆ ಕೂತು ಮಾತಾಡಿದರೆ ಅವಳಿಗೆ ಎಲ್ಲವೂ ತಿಳಿಯುತ್ತದೆ. ಬೆನ್ನ ಹಿಂದಿನಿಂದ ಕರೆದರೆ ಗೋಡೆಯನ್ನು ಕರೆದ ಹಾಗೆ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಹಳೆಯ ಕಾರೊಂದನ್ನು ಕೊಂಡು, ಮೊಬೈಲ್ ಆಪ್‌ಗೆ ಸೇರಿಸಿ, ಶೇರ್ ಸವಾರಿ ಓಡಿಸತೊಡಗಿದಳು. ಒಂದೇ ದಾರಿಯವರು ಒಂದೇ ಕಾರಿನಲ್ಲಿ ಹೋಗುವ ಏರ್ಪಾಡು. ಬೆಳಗ್ಗೆ ಏಳೂ ಮುಕ್ಕಾಲಿಗೆ ನಾಲ್ಕು ವರ್ಷದಿಂದ ಅದೇ ಮೂವರು ಹತ್ತುತ್ತಿದ್ದರು. ನಿವೃತ್ತರಾದರೂ ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಅಳತೆ ಸರಿಮಾಡುವ ಟೈಲರಮ್ಮ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಲ್ಯಾಬ್ ಹುಡುಗಿ. ಶಾಲೆಯ ಓದು ನಿಲ್ಲಿಸಿದ ಮೇಲೆ ನಾನು ಟೈಲರಮ್ಮನ ಹತ್ತಿರ ಕಾಜ ಹಾಕಲು ಕಲಿಯುತ್ತಿದ್ದೆ. ಆದ್ದರಿಂದ ಅತ್ತೆಯ ಪಕ್ಕದ ಸೀಟು ನನ್ನದು.

ಮೊದಲ ದಿನವೇ ಮೇಷ್ಟ್ರು "ನಿಲ್ಸಮ್ಮ, ನಿಲ್ಸಮ್ಮ" ಎಂದು ಕೂಗಿದ್ದರಂತೆ. ಕಾರು ಎರಡು ಸಿಗ್ನಲ್ ದಾಟಿ ಹೋಗಿತ್ತಂತೆ. ಮರುದಿನ ಅವರು ಒಂದು ಕ್ರಮ ಮಾಡಿದರು. ಅತ್ತೆಯ ಹಿಂದಿನ ಸೀಟಿನಲ್ಲಿ ಅವರೇ ಕೂರುವುದು. ಸೀಟಿನ ಬೆನ್ನಿಗೆ ಒಂದು ತಟ್ಟಿದರೆ ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದಾರೆ ಎಂದರ್ಥ. ಎರಡು ತಟ್ಟಿದರೆ ನಿಲ್ಲಿಸು. ನಾಲ್ಕು ವರ್ಷದಲ್ಲಿ ಆ ಕಾರಿಗೆ ಒಂದೂ ಗೀರು ಬಿದ್ದಿರಲಿಲ್ಲ.

ಅತ್ತೆಗೆ ಕೇಳಿಸದೆಂದು ಮೂವರೂ ಹಿಂದೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಮನೆಯಲ್ಲಿ ಆಡಲಾಗದ್ದನ್ನೆಲ್ಲ ಅಲ್ಲಿ ಆಡಿ, ಹಗುರಾಗಿ ಇಳಿದು ಹೋಗುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಹೀಗಿರುವಾಗ ಸರ್ಕಾರ ಶೇರ್ ಸವಾರಿಗಳಿಗೆ ಹೊಸ ನಿಯಮ ತಂದಿತು. ಆಪ್‌ನಿಂದ ಅತ್ತೆಗೆ ಒಂದು ಮೆಸೇಜ್ ಬಂತು. ಚಾಲಕರು ತಿಂಗಳೊಳಗೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಹಾಕಬೇಕು, ಇಲ್ಲದಿದ್ದರೆ ಖಾತೆ ಬಂದ್.

ಅತ್ತೆ ಅದನ್ನು ಎರಡು ಸಲ ಓದಿದಳು. "ಯಾರು ಎಷ್ಟು ಬಡ್ಕೊಂಡ್ರೂ ಸರ್ಕಾರಕ್ಕೆ ಕೇಳ್ಸಲ್ಲ. ಅದು ಬಂದು ನನ್ನ ಕಿವಿ ನೋಡತ್ತಂತೆ!" ಎಂದು ನಕ್ಕಳು. ಆದರೆ ಅಂದು ಊಟಕ್ಕೆ ಕೂತಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಕಾರ್ಖಾನೇಲಿ ನನ್ನನ್ನ ಯಾರೂ ಕಾಯ್ತಿರ್ಲಿಲ್ಲ ಕಣೆ. ಏಳೂ ಮುಕ್ಕಾಲಿಗೆ ಮೂರು ಜನ ಕಾಯ್ತಾರೆ," ಎಂದಳು.

ಮರುದಿನ ಅತ್ತೆ ಮೆಸೇಜ್ ತೋರಿಸಿದ ಮೇಲೆ ಕಾರಿನಲ್ಲಿ ಗುಟ್ಟಿನ ಸಭೆ ನಡೆಯಿತು.

"ನಮ್ಮ ಆಸ್ಪತ್ರೆ ಡಾಕ್ಟ್ರು ಹಿಂದೆ ನಿಂತ್ಕೊಂಡು ಪಿಸುಗುಟ್ತಾರೆ," ಎಂದಳು ಲ್ಯಾಬ್ ಹುಡುಗಿ. "ಒಂದರಿಂದ ಒಂಬತ್ತರೊಳಗೆ ಒಂದೊಂದು ಸಂಖ್ಯೆ. ಅದನ್ನ ತಿರುಗಿ ಹೇಳ್ಬೇಕು, ಅಷ್ಟೇ."

"ಸಂಖ್ಯೆ ತಾನೆ?" ಮೇಷ್ಟ್ರು ಮುಂದಕ್ಕೆ ಬಾಗಿದರು. "ಅಣ್ಣ ಅಂತ ಹೇಳ್ಕೊಂಡು ನಾನು ಹಿಂದೆ ಕೂರ್ತೀನಿ. ಡಾಕ್ಟ್ರು ಐದು ಅಂದ್ರೆ ಕುರ್ಚಿ ಕಾಲಿಗೆ ಐದು ಸಲ ತಟ್ತೀನಿ. ಲೆಕ್ಕ ನನಗೆ ಬಿಡಿ."

"ಈ ವಯಸ್ಸಲ್ಲಿ ಕಾಪಿ ಹೊಡೆಸ್ತೀರಾ ಮೇಷ್ಟ್ರೇ?" ಎಂದು ಟೈಲರಮ್ಮ ಕಿಚಾಯಿಸಿದರು.

"ಜೀವಮಾನವೆಲ್ಲ ಹಿಡಿದಿದ್ದೀನಲ್ಲಮ್ಮ. ಹೇಗೆ ಸಿಕ್ಕಿಬೀಳ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಕಾರು ನಿಂತ ಮೇಲೆ ಅತ್ತೆಯ ಎದುರು ನಿಂತು ಎಲ್ಲವನ್ನೂ ವಿವರಿಸಿ ಅವಳನ್ನು ಒಪ್ಪಿಸಿದರು. ಪರೀಕ್ಷೆಯ ದಿನ ನಾನು ಕಾಗದಗಳನ್ನು ಹಿಡಿದು ಬಾಗಿಲ ಬಳಿ ನಿಂತಿದ್ದೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಹಿಂದೆ ಮೇಷ್ಟ್ರು, ಅವರ ಹಿಂದೆ ಡಾಕ್ಟರಮ್ಮ. ಡಾಕ್ಟರಮ್ಮ "ಐದು" ಎಂದು ಪಿಸುಗುಟ್ಟಿದರು. ಮೇಷ್ಟ್ರ ಬೂಟಿನ ತುದಿ ಐದು ಸಲ ಆಡಿತು. ಅತ್ತೆ "ಐದು" ಎಂದಳು. ಮುಂದಿನದು ಮೂರು. ಅದೂ ಸರಿಹೋಯಿತು.

ಮುಂದೆ "ಎರಡು" ಬಂತು. ಮೇಷ್ಟ್ರು ಎರಡು ಸಲ ತಟ್ಟಿದರು.

ಅತ್ತೆಯ ಬಲಗಾಲು ಧಡ್ಡನೆ ನೆಲವನ್ನು ಒತ್ತಿತು. "ನಿಲ್ಸಿದೆ, ನಿಲ್ಸಿದೆ! ನಿಧಾನಕ್ಕೆ ಇಳೀರಿ," ಎಂದಳು.

ಮೇಷ್ಟ್ರು ತಮ್ಮ ಬೂಟನ್ನೇ ನೋಡುತ್ತಿದ್ದರು, ಅದು ಬೇರೆ ಯಾರದೋ ಎಂಬಂತೆ.

"ಇವರು ನಿಮ್ಮಣ್ಣ ಅಂದ್ರಲ್ಲ?" ಡಾಕ್ಟರಮ್ಮ ಅತ್ತೆಯ ಎದುರಿಗೆ ಬಂದು ಕೇಳಿದರು.

ಅತ್ತೆ ಇನ್ನು ಬಚ್ಚಿಡಲಿಲ್ಲ. ಕಾರ್ಖಾನೆ, ಕಿವಿ, ಮೇಷ್ಟ್ರು ಸೀಟಿಗೆ ತಟ್ಟುವುದು, ಎಲ್ಲವನ್ನೂ ಹೇಳಿದಳು. ಕೊನೆಗೆ, "ತಪ್ಪು ನನ್ನದು ಡಾಕ್ಟ್ರೇ. ಇವರನ್ನ ಏನೂ ಅನ್ಬೇಡಿ. ನಾನು ನಾಳೆಯಿಂದ ಕಾರು ಓಡಿಸಲ್ಲ," ಎಂದಳು. ಹೇಳುವಾಗ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಸುಳ್ಳು ಸರ್ಟಿಫಿಕೇಟ್ ಅಂತೂ ಕೊಡಲ್ಲ," ಎಂದರು ಡಾಕ್ಟರಮ್ಮ. "ಇಷ್ಟಕ್ಕೂ, ನಿಯಮ ಪೂರ್ತಿ ಓದಿದ್ದೀರಾ?"

"ಮೆಸೇಜ್ ಓದಿದ್ವಿ," ಎಂದರು ಮೇಷ್ಟ್ರು ಮೆಲ್ಲಗೆ.

"ಮೇಷ್ಟ್ರಾಗಿದ್ದೋರು ಪ್ರಶ್ನೆಪತ್ರಿಕೆಯ ಒಂದೇ ಪುಟ ಓದ್ತೀರಾ?" ಅವರು ಡ್ರಾಯರಿನಿಂದ ಒಂದು ಪುಸ್ತಿಕೆ ತೆಗೆದು ನಾಲ್ಕನೆಯ ಪುಟವನ್ನು ಅತ್ತೆಯ ಮುಂದೆ ಹಿಡಿದರು. ಶ್ರವಣಯಂತ್ರ ಹಾಕಿಕೊಂಡು ಪರೀಕ್ಷೆಯಲ್ಲಿ ಪಾಸಾದರೆ, ಕಾರಿನ ಎರಡೂ ಬದಿಗೆ ಅಗಲದ ಕನ್ನಡಿ ಹಾಕಿಸಿದರೆ ಓಡಿಸಬಹುದು. ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಆಪ್‌ನವರು ಇದನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಅತ್ತೆ ಆ ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಆಮೇಲೆ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕೀಲಿಯ ಅಚ್ಚು ಮೂಡಿತ್ತು.

ಯಂತ್ರ ಬಂದು, ಎರಡನೆಯ ಪರೀಕ್ಷೆ ಮುಗಿಯುವಷ್ಟರಲ್ಲಿ ತಿಂಗಳ ಗಡುವು ದಾಟಿತು. ಮೂರು ವಾರ ಖಾತೆ ಬಂದ್ ಆಗಿತ್ತು. ಮೂವರೂ ಬಸ್ಸು ಹಿಡಿದರು. ದಿನಾ ಏಳೂ ಮುಕ್ಕಾಲಿಗೆ ಅತ್ತೆ ಮಾತ್ರ ಕಾರು ಒರೆಸುತ್ತಿದ್ದಳು.

ಖಾತೆ ತೆರೆದ ದಿನ ಮೂವರೂ ಎಂದಿನ ಜಾಗದಲ್ಲಿ ನಿಂತಿದ್ದರು. ಹತ್ತಿದರು. ಅತ್ತೆಯ ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಯಂತ್ರ ಕಾಣುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಮೊದಲ ತಿರುವು ದಾಟಿತು, ಪೆಟ್ರೋಲ್ ಬಂಕ್ ದಾಟಿತು. ಟೈಲರಮ್ಮ ಬ್ಯಾಗಿನ ಜಿಪ್ ಎಳೆದರು, ಮುಚ್ಚಿದರು.

ಕೆಂಪು ಸಿಗ್ನಲ್ ಬಿತ್ತು. ಅತ್ತೆ ಕನ್ನಡಿಯತ್ತ ನೋಡಿದಳು.

"ಮೇಷ್ಟ್ರೇ, ಸೊಸೆ ಇನ್ನೂ ಸಕ್ಕರೆ ಡಬ್ಬ ಬಚ್ಚಿಡ್ತಾಳಾ?"

ಮೇಷ್ಟ್ರು ಬೆಚ್ಚಿಬಿದ್ದರು. "ನಿನಗೆ ಹೇಗಮ್ಮ ಗೊತ್ತು?"

"ಸಿಗ್ನಲ್‌ನಲ್ಲಿ ನಿಂತಾಗ ಈ ಕನ್ನಡಿ ಬಿಟ್ಟು ನಾನು ಇನ್ನೆಲ್ಲಿ ನೋಡ್ಲಿ? ಬಾಟಲಿ ಕಾರ್ಖಾನೇಲಿ ಎಲ್ಲರೂ ತುಟಿ ನೋಡೇ ಮಾತಾಡ್ತಿದ್ವಿ. ನಾಲ್ಕು ವರ್ಷದಿಂದ ಎಲ್ಲಾ ಗೊತ್ತು." ಅವಳು ಲ್ಯಾಬ್ ಹುಡುಗಿಯ ಕಡೆ ಕಣ್ಣು ಹೊರಳಿಸಿದಳು. "ಯಾರ ಹತ್ರಾನೂ ಹೇಳಿಲ್ಲಮ್ಮ. ಹೇಳೋದೂ ಇಲ್ಲ."

ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಕಳ್ಳಿ!" ಎಂದರು. ದೀಪ ಹಸಿರಾಗುವಷ್ಟರಲ್ಲಿ ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಮೂರು ವಾರದ್ದು ಬಾಕಿ ಇತ್ತಲ್ಲ.

ಟ್ಯುಟೋರಿಯಲ್ ಹತ್ತಿರ ಬಂದಾಗ ಮೇಷ್ಟ್ರು "ನಿಲ್ಸಮ್ಮ" ಎನ್ನಬಹುದಿತ್ತು. ಅವರು ಮುಂದಕ್ಕೆ ಬಾಗಿ ಸೀಟಿನ ಬೆನ್ನಿಗೆ ಎರಡು ಸಲ ತಟ್ಟಿದರು.

ಅತ್ತೆ ನಿಲ್ಲಿಸಿದಳು.