ಕುಂಭಕರ್ಣನ ಹೊಟ್ಟೆಯಲ್ಲಿ ಸಿಕ್ಕಿದ್ದು

ನನ್ನ ಜೆರಾಕ್ಸ್ ಅಂಗಡಿಗೂ ಅವನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಪ್ಲೈವುಡ್ ಹಲಗೆ. ಅಲ್ಲಿ ಅವನು ಸೀನಿದರೆ ಇಲ್ಲಿ ನನ್ನ ಗಿರಾಕಿ ಬೆಚ್ಚುತ್ತಾನೆ. ಹದಿನಾಲ್ಕು ವರ್ಷದಿಂದ ಆ ಹಲಗೆಯ ಆಚೆಯಿಂದ ನಾನು ಹೆಚ್ಚಾಗಿ ಕೇಳಿರುವುದು ಮಾತಲ್ಲ, ಸ್ಟಾಪ್‌ವಾಚ್ ಒತ್ತುವ ಟಿಕ್ ಶಬ್ದ. ಅದಕ್ಕೇ ಬೀದಿಯವರು ಅವನಿಗೆ ಸೆಕೆಂಡಣ್ಣ ಎಂದು ಹೆಸರಿಟ್ಟರು. ನಿಜ ಹೇಳಬೇಕೆಂದರೆ ನನಗಿಂತ ಎರಡು ವರ್ಷ ಚಿಕ್ಕವನು. ಆದರೂ ನಾನು ಅವನನ್ನು ಅಣ್ಣ ಎನ್ನುತ್ತೇನೆ, ಅವನು ನನ್ನನ್ನು ಅಕ್ಕ ಎನ್ನುತ್ತಾನೆ. ಲೆಕ್ಕ ಚುಕ್ತಾ.

ಲ್ಯಾಪ್‌ಟಾಪ್ ನಿಧಾನವಾಗಿದೆ, ಯಾವ ಹಾರ್ಡ್ ಡಿಸ್ಕ್ ಹಾಕಿಸಲಿ ಎಂದು ಯಾರಾದರೂ ಬಂದರೆ ಬೇರೆ ಅಂಗಡಿಯವರು ಡಬ್ಬಿಯ ಮೇಲೆ ಅಚ್ಚಾದದ್ದನ್ನು ಓದಿ ಹೇಳುತ್ತಾರೆ. ಸೆಕೆಂಡಣ್ಣ ಡಬ್ಬಿಯನ್ನು ಮೊದಲು ಕಸದ ಬುಟ್ಟಿಗೆ ಹಾಕುತ್ತಾನೆ. "ಅದು ಓಟದ ಮೈದಾನದ ಲೆಕ್ಕ ಸ್ವಾಮಿ. ನಿಮ್ಮನೆ ಓಣೀಲಿ ಓಡ್ಸಿ ನೋಡ್ಬೇಕು" ಎನ್ನುತ್ತಾನೆ. ಆಮೇಲೆ ಪರೀಕ್ಷೆ ಶುರು. ಬಟನ್ ಒತ್ತಿದ ಮೇಲೆ ಕೆಲಸ ಮಾಡಲು ಎಷ್ಟು ಸೆಕೆಂಡು ಕಾಯಬೇಕು. ನಾನೂರು ಪುಟದ ಕಡತ ತೆರೆಯಲು ಎಷ್ಟು. ಒಂದು ಫೋಲ್ಡರ್ ನಕಲಾಗಲು ಎಷ್ಟು. ಒಂದೊಂದನ್ನೂ ಮೂರು ಸಲ ಮಾಡಿ ನಡುವಿನ ಸಂಖ್ಯೆಯನ್ನು ನೀಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಎಡಗಡೆ "ಕಂಪನಿ ಹೇಳಿದ್ದು", ಬಲಗಡೆ "ನಾನು ಕಂಡದ್ದು". ಎರಡೂ ಒಂದೇ ಆದದ್ದನ್ನು ನಾನಂತೂ ನೋಡಿಲ್ಲ.

ಆ ಫೋಲ್ಡರಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅದು ಅವನ ಹೆಂಡತಿಯದು. "ಕಂಪನಿಯೋರು ಒಂದೇ ದೊಡ್ಡ ಫೈಲ್ ಇಟ್ಕೊಂಡು ಪರೀಕ್ಷೆ ಮಾಡ್ತಾರೆ ಅಕ್ಕ. ನೇರ ರಸ್ತೇಲಿ ಯಾರ್ ಬೇಕಾದ್ರೂ ಓಡ್ತಾರೆ. ಮನುಷ್ಯರ ಕಂಪ್ಯೂಟರಲ್ಲಿ ಎಲ್ಲಾ ಚೂರುಪಾರು ಇರತ್ತೆ" ಎಂದು ಹೆಂಡತಿಯ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಒಂದು ದಿನ ಇದ್ದ ಹಾಗೇ ನಕಲು ಮಾಡಿಕೊಂಡು ಬಂದ. ಮಗಳ ಶಾಲೆಯ ಕಾಗದ, ಹಾಡು, ಕರೆಂಟು ಬಿಲ್ಲು, ಫೋಟೋ, ಒಟ್ಟು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಫೈಲು. ಐದು ವರ್ಷ, ಬಂದ ಪ್ರತಿ ಡಿಸ್ಕಿಗೂ ಅದನ್ನು ತುಂಬಿ, ಸಮಯ ನೋಡಿ, ಅಳಿಸಿ ಹಾಕಿದ. ಹೆಂಡತಿಯ ಸಂಸಾರವೆಲ್ಲ ಎಷ್ಟು ಸೆಕೆಂಡು ಎಂದು ಅವನಿಗೆ ಬಾಯಿಪಾಠವಾಗಿತ್ತು.

ಅವನ ಹೆಂಡತಿ ನಾಲ್ಕು ಬೀದಿ ಆಚೆಯ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದಳು. ಕೆಲಸ ಮುಗಿಸಿ ಸಂಜೆ ಆರೂಕಾಲಿಗೆ ಬರುವಳು, ಇಬ್ಬರೂ ಕೂಡಿ ಮನೆಗೆ ಹೋಗೋಣ ಎಂದು. ಬಾಗಿಲಲ್ಲಿ ನಿಂತು "ಬಂದೆ" ಎನ್ನುವಳು. ಇವನು ತಿರುಗದೆಯೇ "ಒಂದ್ ನಿಮಿಷ" ಎನ್ನುವನು. ಅವಳು ನನ್ನ ಮೆಟ್ಟಿಲಿಗೆ ಬಂದು ನಿಲ್ಲುವಳು. ಸ್ಟೂಲು ಕೊಟ್ಟರೆ, "ಬೇಡಕ್ಕ, ಇನ್ನೇನು ಬಂದ್ಬಿಡ್ತಾರೆ" ಎಂದು ಫೋನು ಹಿಡಿದುಕೊಂಡು ನಿಂತೇ ಇರುವಳು. ಈ ಕಾಲದವರಿಗೆಲ್ಲ ಫೋನಿನದೇ ಹುಚ್ಚು ಎಂದು ನಾನು ಮನಸ್ಸಿನಲ್ಲೇ ಗೊಣಗುತ್ತಿದ್ದೆ. ಆ ಗೊಣಗಾಟ ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ನಲವತ್ತು ದಿನದ ಕಾಯಿಲೆ. ಆ ನಲವತ್ತು ದಿನದಲ್ಲೂ ಇವನು ಅರ್ಧ ದಿನ ಅಂಗಡಿಯಲ್ಲೇ ಇದ್ದ. ಹೆದರಿಕೆಗೆ, ಬೇರೆ ಏನಕ್ಕೂ ಅಲ್ಲ. ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸಕ್ಕೆ ಅಂಟಿಕೊಳ್ಳುತ್ತಾನೆ. ಮಗಳು ಅದನ್ನು ಹಾಗೆ ತಿಳಿಯಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿಕೊಂಡಳು. ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ನಾಲ್ಕು ನಿಮಿಷ. ಅದನ್ನು ಕೇಳುವುದಕ್ಕೆಂದೇ ಇವನು ಭಾನುವಾರವೂ ಅಂಗಡಿಗೆ ಬರುತ್ತಾನೆ. ಯಾಕೆಂದು ಕೇಳಿದರೆ, "ಮನೇಲಿ ಮಾತಾಡಿದ್ರೆ ಗೋಡೆಗೆ ಬಡಿದು ವಾಪಸ್ ಬರತ್ತೆ ಅಕ್ಕ" ಎಂದ.

ಆ ಮನೆಯನ್ನು ನಾನು ಒಂದೇ ಸಲ ನೋಡಿದ್ದೇನೆ. ಮೊದಲ ಮಹಡಿ, ಎರಡು ಕೋಣೆ, ಮೇಜಿಗೆ ಎರಡು ಕುರ್ಚಿ. ಒಂದರಲ್ಲಿ ಇವನು ಕೂರುತ್ತಾನೆ, ಇನ್ನೊಂದರ ಮೇಲೆ ಹೆಂಡತಿಯ ಲ್ಯಾಪ್‌ಟಾಪು. ಬೆಳಿಗ್ಗೆ ಎದ್ದು ಅದರ ಬಟನ್ ಒತ್ತಿ, ಅದು ಗುಂಯ್ ಎಂದು ತಿರುಗಿ ಎಚ್ಚರವಾಗುವವರೆಗೆ ಎದುರು ಕೂತು, ತೆರೆದ ತಕ್ಷಣ ಮುಚ್ಚಿಬಿಡುತ್ತಾನೆ. ಒಳಗೆ ಏನೂ ನೋಡುವುದಿಲ್ಲ. "ಇವತ್ತು ತೊಂಬತ್ನಾಲ್ಕು" ಎಂದು ಬಂದು ನನಗೆ ಹೇಳುತ್ತಾನೆ, ಮನೆಯಲ್ಲಿರುವ ರೋಗಿಯ ಜ್ವರ ಹೇಳಿದ ಹಾಗೆ. ಈ ವರ್ಷ ಅದು ನೂರಾಹತ್ತಾಯಿತು, ನೂರಾ ಮೂವತ್ತೊಂದಾಯಿತು.

"ಬೇರೆಯೋರದ್ದಾಗಿದ್ರೆ ನೀನು ಯಾವತ್ತೋ ಹೊಸದಕ್ಕೆ ನಕಲು ಮಾಡಿರ್ತಿದ್ದೆ" ಎಂದೆ.

"ಮಾಡ್ತೀನಿ ಅಕ್ಕ. ಹೊಸದು ಹಾಕಿದ್ರೆ ಹನ್ನೊಂದು ಸೆಕೆಂಡಿಗೆ ತೆರ್ಕೊಂಡ್ಬಿಡತ್ತೆ." ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, "ಆಮೇಲೆ ಬೆಳಿಗ್ಗೆ ಏನ್ ಮಾಡ್ಲಿ?" ಎಂದ.

ಊರಿಗೆಲ್ಲ ಬುದ್ಧಿ ಹೇಳುವವನು. ಸೆಕೆಂಡು ಏರತೊಡಗಿದರೆ ಡಿಸ್ಕ್ ಹೋಗುವ ಕಾಲ ಬಂತು, ಇವತ್ತೇ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಗದರಿಸುವವನು. ದೀಪದ ಬುಡದಲ್ಲೇ ಕತ್ತಲು.

ಕೊನೆಗೆ ಅವನನ್ನು ಎಬ್ಬಿಸಿದ್ದು ಮಗಳು. ಒಂದು ಭಾನುವಾರ ನಾಲ್ಕು ನಿಮಿಷದ ಫೋನು ಏಳು ನಿಮಿಷವಾಯಿತು. ತನ್ನ ಮನೆಯ ಗೋಡೆಗೆ ಅಮ್ಮನ ಫೋಟೋ ಹಾಕಬೇಕಂತೆ. "ಅಮ್ಮಂದೆಲ್ಲಾ ನಿನ್ ಹತ್ರಾನೇ ಇದೆ ಅಪ್ಪ. ಪೂರ್ತಿ ಕೊಡು, ನಾನೇ ಆರಿಸ್ಕೋತೀನಿ. ಮುಂದಿನ ಭಾನುವಾರ ಬರ್ತೀನಿ." ಮೂರು ವರ್ಷದಿಂದ ಅವಳು ಈ ಬೀದಿಗೆ ಕಾಲಿಟ್ಟಿರಲಿಲ್ಲ. ಅವನು ಹಲಗೆಯ ಪಕ್ಕದಿಂದ ತಲೆ ಹಾಕಿ, "ಬರ್ತಾಳಂತೆ ಅಕ್ಕ" ಎಂದಾಗ ಅವನ ಮುಖದಲ್ಲಿ ನಗು ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ಓಡಾಡಿತು.

ಗುರುವಾರ ಮಧ್ಯಾಹ್ನ ಹೆಂಡತಿಯ ಡಿಸ್ಕನ್ನು ಬಿಚ್ಚಿ ತಂದ. ನಕಲು ಮಾಡುವ ಪೆಟ್ಟಿಗೆಗೆ ಎರಡು ಬಾಯಿ ಇರುತ್ತವೆ. ಒಂದಕ್ಕೆ ಹಳೆಯದನ್ನು ಸಿಕ್ಕಿಸಬೇಕು, ಇನ್ನೊಂದಕ್ಕೆ ಖಾಲಿಯದನ್ನು. ಗುಂಡಿ ಒತ್ತಿದರೆ ಇಲ್ಲಿಯದು ಅಲ್ಲಿಗೆ ಹೋಗುತ್ತದೆ. ಅವನ ಹಳೆಯ ಪೆಟ್ಟಿಗೆಯಲ್ಲಿ ಹಳೆಯ ಡಿಸ್ಕಿನ ಜಾಗ ಎಡಗಡೆ. ಹನ್ನೆರಡು ವರ್ಷ ಕೈ ಅದನ್ನೇ ಕಲಿತಿತ್ತು. ಆದರೆ ಹೋದ ತಿಂಗಳು ಹೊಸ ಪೆಟ್ಟಿಗೆ ಕೊಂಡಿದ್ದ, ಅದು ಹೆಚ್ಚು ವೇಗದ್ದೆಂದು. ಅದರಲ್ಲಿ ಹಳೆಯ ಡಿಸ್ಕಿನ ಜಾಗ ಬಲಗಡೆ. ಬಂದ ದಿನವೇ ಅದಕ್ಕೆ ಸ್ಟಾಪ್‌ವಾಚ್ ಹಿಡಿದು ಎಷ್ಟು ವೇಗವೆಂದು ನೋಡಿದ್ದ. ಯಾವ ಬಾಯಿ ಯಾವ ಕಡೆ ಎಂದು ಬರೆದದ್ದನ್ನು ಓದಿ, ಗಿರಾಕಿಗಳ ಕೆಲಸದಲ್ಲಿ ಪ್ರತಿಸಲ ಎಚ್ಚರವಾಗಿಯೂ ಇದ್ದ. ಆ ದಿನ ಮನಸ್ಸೆಲ್ಲ ಭಾನುವಾರದ ಮೇಲಿತ್ತು. ಕೈ ತನ್ನ ಹಳೆಯ ದಾರಿ ಹಿಡಿಯಿತು.

ಸಂಜೆ ನನ್ನ ಕೌಂಟರಿನ ಮುಂದೆ ಬಂದು ನಿಂತ. "ಒಂದ್ ಕಡೇನೂ ತಡವರಿಸ್ಲಿಲ್ಲ ಅಕ್ಕ. ನೋಟ್‌ಬುಕ್ಕಲ್ಲೂ ಬರ್ದೆ. ಇಷ್ಟು ಚೆನ್ನಾಗಿ ಯಾವ್ದೂ ಓಡಿಲ್ಲ."

"ಒಳ್ಳೇದಾಯ್ತಲ್ಲ ಮತ್ತೆ" ಎಂದೆ.

"ಅದು ಸಾಯೋ ಡಿಸ್ಕು. ಓದುವಾಗ ತಡವರಿಸ್ಬೇಕಿತ್ತು. ತಡವರಿಸ್ಲಿಲ್ಲ ಅಂದ್ರೆ ಅದನ್ನ ಓದಲೇ ಇಲ್ಲ. ಖಾಲಿಯದನ್ನ ಅವಳದರ ಮೇಲೆ ಬರ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಳಿಸಿದ್ದನ್ನು ಹೊರತೆಗೆಯಲು ಬರುವುದಿಲ್ಲವೇ ಎಂದು ಕೇಳಿದೆ. ಅಳಿಸಿದ್ದರೆ ಬರುತ್ತದೆ, ಮೇಲೆ ಬರೆದುಬಿಟ್ಟರೆ ದೇವರು ಬಂದರೂ ಇಲ್ಲ ಎಂದ. ಅಂಥ ಹೊತ್ತಿನಲ್ಲಿ ಸುಮ್ಮನಿರಬೇಕು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಇನ್ನೊಂದು ಪ್ರತಿ ಇಡಲಿಲ್ಲವೇ, ನಿನ್ನ ವಿದ್ಯೆಗೆ ಬೆಂಕಿ ಬಿತ್ತೇ ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದ. ಬೈಸಿಕೊಳ್ಳಲೆಂದೇ ಬಂದಿದ್ದನೋ ಏನೋ. ಅವನನ್ನು ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.

ಶುಕ್ರವಾರ ಅಂಗಡಿ ತೆರೆಯಲಿಲ್ಲ. ಶನಿವಾರ ಬಂದ, ಶೇವ್ ಮಾಡಿರಲಿಲ್ಲ. ಆ ಹೊತ್ತಿಗೆ ನನಗೊಂದು ನೆನಪಾಗಿತ್ತು. "ಆ ಫೋಲ್ಡರ್ ಏನಾಯ್ತು? ಐದು ವರ್ಷ ಬಟ್ಟೆ ಒಗೆದ ಹಾಗೆ ಒಗೆದ್ಯಲ್ಲ?"

"ಅದನ್ನ ಬಿಟ್ಟು ಏಳು ವರ್ಷ ಆಯ್ತು ಅಕ್ಕ. ಈಗಿನ ಡಿಸ್ಕಿಗೆ ಅದು ಒಂದ್ ತುತ್ತು, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗಿದ್ಹೋಗತ್ತೆ. ಅಳಿಸ್ದೆ. ಮನೇಲಿ ಇದ್ಯಲ್ಲಾ ಅಂತ..." ಎನ್ನುತ್ತಿದ್ದವನು ಮಾತು ನಿಲ್ಲಿಸಿದ. ಅವನ ಕಣ್ಣು ಬೆಂಚಿನ ಕೆಳಗಿನ ಡ್ರಾಯರಿನ ಕಡೆ ಹೋಯಿತು.

ಅದು ಫೇಲಾದವರ ಡ್ರಾಯರು. ಪರೀಕ್ಷೆಯಲ್ಲಿ ಗಿರಾಕಿಗೆ ಕೊಡಲು ಯೋಗ್ಯವಲ್ಲ ಎಂದಾದ ಡಿಸ್ಕುಗಳನ್ನು ಬಿಸಾಡಲು ಮನಸ್ಸಾಗದೆ ಅದರೊಳಗೆ ತುಂಬಿದ್ದ. ಒಳ್ಳೆಯವನ್ನು ಅಳಿಸಿ ತೊಳೆದು ಗಿರಾಕಿಗೆ ಕೊಡುತ್ತಿದ್ದ. ಇವನ್ನು ಯಾರು ತೊಳೆಯುತ್ತಾರೆ? ಅಂದು ತುಂಬಿದ್ದು ಒಳಗೇ ಉಳಿದಿರಬಹುದು. ಇಪ್ಪತ್ತಮೂರು ಇದ್ದವು, ಒಂದೊಂದಕ್ಕೂ ಪಟ್ಟಿ ಅಂಟಿಸಿ ಹೆಸರಿಟ್ಟಿದ್ದ: ಸೋಮಾರಿ, ಆಮೆ, ಮೈಗಳ್ಳ, ಅತ್ತೆ. ನಾನು ನನ್ನ ಅಂಗಡಿಯನ್ನು ಹಾಗೇ ಬಿಟ್ಟು ಅವನ ಪಕ್ಕ ಕೂತೆ. ಕೆಲವು ತಿರುಗಲೇ ಇಲ್ಲ. ಕೆಲವು ಕಟಕಟ ಎಂದು ಸತ್ತವು. ಮೈಗಳ್ಳನಲ್ಲಿ ಯಾರದೋ ಸಿನಿಮಾ ಇತ್ತು. ಹತ್ತೊಂಬತ್ತನೆಯದು ಕುಂಭಕರ್ಣ. ನೋಟ್‌ಬುಕ್ಕಿನಲ್ಲಿ ಅದರ ಎದುರು "ಯಾರಿಗೂ ಬೇಡ" ಎಂದು ಬರೆದಿತ್ತು. ಅದನ್ನು ಎಬ್ಬಿಸಲು ಆರು ನಿಮಿಷ ಹಿಡಿಯಿತು. ಎದ್ದಾಗ ಪರದೆಯ ಮೇಲೆ ಅವನ ಹೆಂಡತಿಯ ಫೋಲ್ಡರ್ ಇತ್ತು.

ಪೂರ್ತಿ ಇರಲಿಲ್ಲ. ಅವತ್ತು ಅದರ ನಿಧಾನಕ್ಕೆ ಬೇಸತ್ತು ನಡುವೆಯೇ ವೈರು ಕಿತ್ತಿದ್ದನಂತೆ. ಎರಡು ಸಾವಿರದ ಒಂಬೈನೂರು ಚಿಲ್ಲರೆ ಫೈಲು ಒಳಗೆ ಹೋಗಿದ್ದವು. ಇನ್ನು ಸ್ವಲ್ಪ ಕಾದಿದ್ದರೆ ಎಲ್ಲವೂ ಇರುತ್ತಿತ್ತು. ಅವಳ ಕೊನೆಯ ವರ್ಷಗಳದಂತೂ ಇರಲು ಸಾಧ್ಯವೇ ಇರಲಿಲ್ಲ. ಆದರೂ ಇದ್ದದ್ದನ್ನು ಹೊರತೆಗೆಯಲು ಮೂರೂಮುಕ್ಕಾಲು ಗಂಟೆ ಕೂತೆವು. ಸ್ಟಾಪ್‌ವಾಚ್ ಮೇಜಿನ ಮೇಲೇ ಇತ್ತು, ಅವನು ಮುಟ್ಟಲಿಲ್ಲ.

ಆ ಫೋಲ್ಡರನ್ನು ಅವನು ಸಾವಿರಾರು ಸಲ ನಕಲು ಮಾಡಿದ್ದ. ಒಂದು ಸಲವೂ ಒಳಗೆ ಕಣ್ಣು ಹಾಯಿಸಿರಲಿಲ್ಲ. ಅವನು ನೋಡುತ್ತಿದ್ದದ್ದು ಗಡಿಯಾರವನ್ನು. ಈಗ ನೋಡಿದ. ಮಗಳ ಅಂಕಪಟ್ಟಿ, ಬಿಲ್ಲುಗಳು, ಅವಳದೇ ಫೋಟೋ ಎಣಿಸಿ ಹನ್ನೊಂದು. ಆಮೇಲೆ ಒಂದು ಒಳಫೋಲ್ಡರ್. ಅದರ ಹೆಸರು "ಒಂದ್ ನಿಮಿಷ".

ಅದರಲ್ಲಿ ನಾನೂರಕ್ಕೂ ಮೇಲೆ ಫೋಟೋ ಇದ್ದವು. ಎಲ್ಲವೂ ಒಂದೇ ಜಾಗದಿಂದ ತೆಗೆದವು, ನನ್ನ ಮೆಟ್ಟಿಲಿಂದ. ಎಲ್ಲದರಲ್ಲೂ ಇದ್ದದ್ದು ಇವನ ಬೆನ್ನು. ನೀಲಿ ಶರ್ಟಿನ ಬೆನ್ನು, ಗೀಟಿನ ಶರ್ಟಿನ ಬೆನ್ನು, ಸ್ವೆಟರಿನ ಬೆನ್ನು. ತಲೆಯ ಹಿಂದೆ ಕೂದಲು ತೆಳುವಾಗತೊಡಗಿದ ಬೆನ್ನು. ಒಂದರಲ್ಲೂ ಮುಖವಿಲ್ಲ. ಅವಳು ಫೋನು ಹಿಡಿದು ನಿಲ್ಲುತ್ತಿದ್ದದ್ದು ಇದಕ್ಕೆ.

ಅವನು ಒಂದೊಂದನ್ನೇ ನೋಡುತ್ತಾ ಹೋದ. ನಾನು ಎದ್ದು ಬಂದುಬಿಟ್ಟೆ. ಹಲಗೆಯ ಆಚೆಯಿಂದ ಬಹಳ ಹೊತ್ತು ಮೌಸಿನ ಸದ್ದು ಮಾತ್ರ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಅವನು ಏನನ್ನೂ ಮುಚ್ಚಿಡಲಿಲ್ಲ. ಬಾಗಿಲಲ್ಲೇ, ಅವಳು ಕೂರುವ ಮೊದಲೇ, "ನಿಮ್ಮಮ್ಮಂದು ನಾನೇ ಹಾಳ್ ಮಾಡ್ದೆ" ಎಂದು ಶುರುಮಾಡಿದ. ಅವಳು ಅಳಲಿಲ್ಲ, ಕೂಗಲಿಲ್ಲ. ಸಿಕ್ಕಿದ್ದನ್ನು ತೋರಿಸು ಎಂದಳು. ಬೆನ್ನಿನ ಫೋಟೋಗಳು ಬಂದಾಗ ಒಂದು ಸಣ್ಣ ನಗು ಕೇಳಿಸಿತು.

"ಇವು ನಂಗ್ ಗೊತ್ತು ಅಪ್ಪ. ಮನೆಗೆ ಬಂದು ನಂಗೆ ತೋರಿಸ್ತಿದ್ಳು, ನೋಡೇ ನಿಮ್ಮಪ್ಪನ ಮುಖ ಅಂತ."

"ನಂಗ್ಯಾಕೆ ತೋರಿಸ್ಲಿಲ್ಲ?"

"ತಿರುಗಿದ್ರೆ ತಾನೆ ತೋರ್ಸೋದು."

ಹನ್ನೊಂದು ಫೋಟೋಗಳನ್ನು ತೆಗೆದುಕೊಂಡು ಅವಳು ಹೊರಟಳು. ಒಟ್ಟು ಇದ್ದದ್ದು ನಲವತ್ತು ನಿಮಿಷ. ಮುಂದಿನ ಭಾನುವಾರ ಫೋನು ಮಾಡುತ್ತೇನೆ ಎಂದಳು. ಬರುತ್ತೇನೆ ಎನ್ನಲಿಲ್ಲ.

ಆ ವಾರವೆಲ್ಲ ಅವನು ಗಿರಾಕಿಗಳ ಕೆಲಸ ಮುಗಿಸಿ ನೀಲಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ. ಜೆರಾಕ್ಸಿಗೆ ಕೊಟ್ಟಾಗ ಆ ಪುಟ ನೋಡಿದೆ. ಪ್ರತಿ ಫೋಟೋಗೂ ತೆಗೆದ ಸಮಯ ಇರುತ್ತದಂತೆ. ಒಂದೊಂದು ಸಂಜೆಯ ಮೊದಲ ಫೋಟೋದಿಂದ ಕೊನೆಯ ಫೋಟೋದವರೆಗೆ ಲೆಕ್ಕ ಹಾಕಿದ್ದ, ನೂರಾ ಐವತ್ತೆಂಟು ಸಂಜೆ. "ನಾನು ಹೇಳಿದ್ದು" ಎಂಬಲ್ಲಿ ಒಂದು ನಿಮಿಷ. "ಅವಳು ಕಂಡದ್ದು" ಎಂಬಲ್ಲಿ, ಎಲ್ಲ ಸಂಜೆಗಳ ನಡುವಿನ ಸಂಖ್ಯೆ, ಇಪ್ಪತ್ತೆರಡು. ಮಗಳಿಗೆ ಕಳಿಸಬೇಕು, ಒಂದು ಪ್ರತಿ ಮಾಡಿಕೊಡಿ ಎಂದ. ಎರಡು ಮಾಡಿದೆ. ಇನ್ನು ಮೇಲೆ ಯಾವುದರದ್ದೂ ಒಂದೇ ಪ್ರತಿ ಬೇಡ ಎಂದು ಗದರಿ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ನಿನ್ನೆ ಸಂಜೆ ಬೆಂಚಿನ ಮೇಲೆ ಯಾವುದೋ ಡಿಸ್ಕಿನ ಪರೀಕ್ಷೆ ಅರ್ಧಕ್ಕೆ ಬಂದಿತ್ತು. ಆರೂಕಾಲಾಯಿತು. ಸೆಕೆಂಡಣ್ಣ ಅದನ್ನು ಹಾಗೇ ಬಿಟ್ಟು ಎದ್ದ. ದೀಪ ಆರಿಸಿ, ಷಟರ್ ಎಳೆದು, ಬೀಗ ಹಾಕಿದ. ಮನೆಯ ದಾರಿ ಹಿಡಿಯುತ್ತಾನೆ ಎಂದುಕೊಂಡರೆ ನನ್ನ ಮೆಟ್ಟಿಲಿಗೆ ಬಂದು, ತನ್ನದೇ ಮುಚ್ಚಿದ ಅಂಗಡಿಗೆ ಮುಖ ಮಾಡಿ ನಿಂತ.

"ಮನೆಗೆ ಹೋಗಲ್ವೇನಣ್ಣ?"

"ಒಂದ್ ನಿಮಿಷ ಅಕ್ಕ" ಎಂದ.

ಸ್ಟೂಲು ಕೊಟ್ಟೆ. ಬೇಡವೆಂದ. ಇಪ್ಪತ್ತೆರಡು ನಿಮಿಷ ನಿಂತಿದ್ದ. ಅವನು ಗಡಿಯಾರ ನೋಡಲಿಲ್ಲ, ನಾನು ನೋಡಿದೆ.